ಬಾರ್ ಮೇಲಿನ ಭಾರ ನಿಂತುಹೋದಾಗ

ಮೊದಲ ಕೆಲವು ತಿಂಗಳು ವಾರಕ್ಕೆ 2.5 ಕಿಲೋದಂತೆ, ಹೆಗಲ ಮೇಲೆ ಬಾರ್ ಹೊತ್ತು ಕುಳಿತೇಳುವ ಸ್ಕ್ವಾಟ್‌ನ ಭಾರವನ್ನು ಏರಿಸುತ್ತ ಬಂದವರು ಒಂದು ಹಂತದಲ್ಲಿ ನಿಂತೇ ನಿಲ್ಲುತ್ತಾರೆ. ಅದೇ ವೇಗದಲ್ಲಿ ಮುಂದುವರಿದಿದ್ದರೆ ವರ್ಷಕ್ಕೆ 130 ಕಿಲೋ ಸೇರುತ್ತಿತ್ತು. ವರ್ಷದಿಂದ ವರ್ಷಕ್ಕೆ ಅದು ಯಾವ ದೇಹಕ್ಕೂ ಸಾಧ್ಯವಿಲ್ಲ. ಆದರೂ ಜಿಮ್‌ಗಳಲ್ಲಿ ಇದನ್ನು ಕೊರತೆಯೆಂದೇ ಭಾವಿಸಿ, ಪ್ರೋಟೀನ್ ಪುಡಿ ಹೆಚ್ಚಿಸಿ ಎಂದೋ, ಸ್ನಾಯುಗಳಿಗೆ ‘ಶಾಕ್’ ಕೊಡಲು ವಾರವಾರವೂ ವ್ಯಾಯಾಮ ಬದಲಿಸಿ ಎಂದೋ ಸಲಹೆ ಕೊಡುತ್ತಾರೆ. ಎರಡನೆಯ ಸಲಹೆಯಿಂದ ಆಗುವ ಹಾನಿ ದೊಡ್ಡದು. ವ್ಯಾಯಾಮವೇ ಬದಲಾಗುತ್ತಿದ್ದರೆ ಬಲ ಹೆಚ್ಚಿತೋ ಇಲ್ಲವೋ ಎಂದು ಅಳೆಯಲು ಏನೂ ಉಳಿಯುವುದಿಲ್ಲ.

ಆರಂಭದ ಏರಿಕೆಯಲ್ಲಿ ಸ್ನಾಯುವಿನ ಬೆಳವಣಿಗೆಗಿಂತ ನರಮಂಡಲದ ಕಲಿಕೆಯ ಪಾಲು ಹೆಚ್ಚು ಎಂಬುದನ್ನು ಸಂಶೋಧಕರಾದ ಮೊರಿಟಾನಿ ಮತ್ತು ಡಿವ್ರೀಸ್ 1979ರಲ್ಲಿಯೇ ತೋರಿಸಿದ್ದರು. ಆ ಸುಲಭದ ಗಳಿಕೆ ಮುಗಿದ ಮೇಲೆ ಹೊಸ ಸ್ನಾಯು ಕಟ್ಟಬೇಕಾಗುತ್ತದೆ, ಅದಕ್ಕೆ ತಿಂಗಳುಗಳು ಬೇಕು.

ಇಲ್ಲಿಂದ ಮುಂದಿನ ಯೋಜನೆಗೆ ನನ್ನ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ವಿಚಾರ ಬಂದದ್ದು ಭಾರ ಎತ್ತುವವರಿಂದಲ್ಲ. ವಿಜ್ಞಾನಿ ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳಿಂದ ಒತ್ತಡ ಮತ್ತು ಹೊಂದಾಣಿಕೆಯ ಕುರಿತು ಬರೆದದ್ದನ್ನು ಆಧರಿಸಿ, ‘ದಣಿ, ಚೇತರಿಸಿಕೊ, ಹಿಂದಿಗಿಂತ ಮೇಲೇರು’ ಎಂಬ ಒಂದೇ ಅಲೆಯ ಚಿತ್ರವನ್ನು ತರಬೇತುದಾರರು ಬಹುಕಾಲ ನಂಬಿದ್ದರು. 1970ರ ದಶಕದಲ್ಲಿ ಕೆನಡಾದ ಸಂಶೋಧಕ ಎರಿಕ್ ಬ್ಯಾನಿಸ್ಟರ್ ಈಜುಗಾರರ ತರಬೇತಿಯನ್ನು ಗಣಿತಕ್ಕೆ ಇಳಿಸಿದಾಗ ಆ ಒಂದು ಅಲೆ ಎರಡಾಯಿತು. ಪ್ರತಿ ತಾಲೀಮೂ ಸಾಮರ್ಥ್ಯ ಮತ್ತು ದಣಿವು ಎರಡನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಅಂದಂದಿನ ಪ್ರದರ್ಶನವೆಂದರೆ ಮೊದಲನೆಯದರಿಂದ ಎರಡನೆಯದನ್ನು ಕಳೆದು ಉಳಿದದ್ದು. ಸಾಮರ್ಥ್ಯ ನಿಧಾನವಾಗಿ ಕರಗಿದರೆ ದಣಿವು ಬೇಗ ಕರಗುತ್ತದೆ. ಸಹನಶಕ್ತಿಯ ಕ್ರೀಡೆಗಳಲ್ಲಿ ಇವುಗಳ ಕಾಲಮಾನವನ್ನು (ಶೇ 37ಕ್ಕೆ ಇಳಿಯಲು ಹಿಡಿಯುವ ಅವಧಿ) ಸಾಮಾನ್ಯವಾಗಿ 42 ದಿನ ಮತ್ತು 7 ದಿನ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ ಒಂದು ವಾರ ಪೂರ್ಣ ವಿಶ್ರಾಂತಿ ಪಡೆದರೂ ಸಾಮರ್ಥ್ಯದ ಸುಮಾರು ಶೇ 85ರಷ್ಟು ಉಳಿದಿರುತ್ತದೆ, ದಣಿವು ಮಾತ್ರ ಶೇ 37ಕ್ಕೆ ಕುಸಿದಿರುತ್ತದೆ. ಈ ಅಂಕಿಗಳನ್ನು ಸ್ಕ್ವಾಟ್‌ಗೆ ಹಾಗೆಯೇ ಅನ್ವಯಿಸಬಾರದು; ಎರಡು ವೇಗಗಳ ನಡುವಿನ ಅಂತರವಷ್ಟೇ ಮುಖ್ಯ. ಕದಡಿದ ಬಾವಿಯಲ್ಲಿ ತಳ ಕಾಣದಿದ್ದರೂ ನೀರಿನ ಮಟ್ಟ ಇಳಿದಿರುವುದಿಲ್ಲ. ಹಾಗೆಯೇ ಮೂರು ವಾರ ಕಷ್ಟಪಟ್ಟವನ ಬಲ ದಣಿವಿನ ಅಡಿಯಲ್ಲಿ ಮರೆಯಾಗಿರುತ್ತದೆಯೇ ಹೊರತು ಇಲ್ಲವಾಗಿರುವುದಿಲ್ಲ. ಭಾರ ನಿಂತಿತೆಂದು ಗಾಬರಿಯಾಗಿ ಇನ್ನಷ್ಟು ಸೆಟ್ (ನಡುವೆ ವಿಶ್ರಾಂತಿಯಿಲ್ಲದೆ ಮಾಡುವ ಒಂದು ಕಂತು) ಸೇರಿಸುವವರು ಬಾವಿಯನ್ನು ಮತ್ತೆ ಕದಡುತ್ತಾರೆ.

ಆದ್ದರಿಂದ ಮಧ್ಯಮ ಹಂತದಲ್ಲಿ ಯೋಜನೆಯ ಅಳತೆಗೋಲು ವಾರದಿಂದ ತಿಂಗಳಿಗೆ ಹಿಗ್ಗಬೇಕು. ಒಮ್ಮೆಗೆ ಗರಿಷ್ಠ 100 ಕಿಲೋ ಸ್ಕ್ವಾಟ್ ಮಾಡಬಲ್ಲವರು ಮೊದಲ ನಾಲ್ಕು ವಾರಗಳಲ್ಲಿ 75ರಿಂದ 80 ಕಿಲೋವರೆಗೆ ಐದೈದು ರೆಪ್‌ಗಳ (ಸತತ ಎತ್ತುವಿಕೆಗಳ) ಸೆಟ್‌ಗಳನ್ನು ಮೂರು ವಾರ ಹೆಚ್ಚಿಸುತ್ತ ಹೋಗಿ, ನಾಲ್ಕನೆಯ ವಾರ ಭಾರವನ್ನು ಹೆಚ್ಚು ಇಳಿಸದೆ ಸೆಟ್‌ಗಳನ್ನು ಅರ್ಧಕ್ಕೆ ಇಳಿಸಬಹುದು. ಮುಂದಿನ ನಾಲ್ಕು ವಾರ ಮೂರು ಮೂರು ರೆಪ್‌ಗಳಲ್ಲಿ 82.5ರಿಂದ 87.5, ಆಮೇಲೆ ಒಂದೆರಡು ರೆಪ್‌ಗಳಲ್ಲಿ 90ರ ಮೇಲೆ. ಹನ್ನೆರಡನೆಯ ವಾರ ಹಗುರವಾಗಿ ಕಳೆದು, ಹದಿಮೂರನೆಯ ವಾರ ಪರೀಕ್ಷೆ. ಅಲ್ಲಿ 2.5 ಅಥವಾ 5 ಕಿಲೋ ಹೆಚ್ಚು ಎತ್ತಿದರೆ ಅದು ಒಳ್ಳೆಯ ಗಳಿಕೆ, ಏಕೆಂದರೆ ವರ್ಷಕ್ಕೆ ಇಂಥ ನಾಲ್ಕು ಸುತ್ತುಗಳು ಹಿಡಿಸುತ್ತವೆ. ನೌಕರಿ ಮಾಡಿಕೊಂಡು ವಾರಕ್ಕೆ ಮೂರು ದಿನ ಬರುವವರಿಗೂ ಇದು ಸಾಧ್ಯವಿರುವ ಲೆಕ್ಕ.

ಮೈಕೈ ನೋವನ್ನು ಪ್ರಗತಿಯ ಅಳತೆಯೆಂದು ಹಿಡಿದವರಿಗೆ ಆ ನಾಲ್ಕನೆಯ ವಾರವೇ ಅತಿ ಕಷ್ಟ, ಏಕೆಂದರೆ ನೋವಿಲ್ಲದ ವಾರ ಅವರಿಗೆ ವ್ಯರ್ಥವೆನಿಸುತ್ತದೆ. ಅಭ್ಯಾಸವಿಲ್ಲದ ಚಲನೆಯಿಂದಲೇ ನೋವು ಹೆಚ್ಚು ಬರುವುದರಿಂದ ಅದು ಬಲದ ಬಗ್ಗೆ ಏನನ್ನೂ ಹೇಳಲಾರದು. ದಾಖಲಿಸಬೇಕಾದದ್ದು ಭಾರ, ರೆಪ್, ಸೆಟ್ ಮತ್ತು ಹಿಂದಿನ ರಾತ್ರಿಯ ನಿದ್ದೆ. ಸತತ ಎರಡು ಸುತ್ತುಗಳಲ್ಲಿ ಪರೀಕ್ಷೆಯ ಅಂಕಿ ಏರದಿದ್ದರೆ, ನಿದ್ದೆ ಮತ್ತು ಊಟ ಸರಿಯಿವೆಯೇ ಎಂದು ಮೊದಲು ನೋಡಿ, ಸರಿಯಿದ್ದರೆ ಮಾತ್ರ ಮೂರನೆಯ ಸುತ್ತಿನಲ್ಲಿ ವಾರದ ಒಟ್ಟು ಸೆಟ್‌ಗಳಿಗೆ ಎರಡೋ ಮೂರೋ ಸೇರಿಸಬೇಕು.