ಕಿಡ್ನಿ ಸಿಸ್ಟ್ ಎಂಆರ್‌ಐ: ಸಬ್‌ಟ್ರಾಕ್ಷನ್ ಚಿತ್ರದ ಸುಳ್ಳು ಉಂಗುರ

ಕಿಡ್ನಿಯಲ್ಲಿ ಬರೀ ನೀರು ತುಂಬಿದ ಸಾದಾ ಸಿಸ್ಟ್ (ಚೀಲದಂಥ ಗುಳ್ಳೆ) ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎಂಆರ್‌ಐ ಚಿತ್ರದಲ್ಲಿ ಟಿ1, ಟಿ2 ಎಂದು ಎರಡು ಬಗೆ; ಅದು ಟಿ1ನಲ್ಲಿ ಕಪ್ಪು, ಟಿ2ನಲ್ಲಿ ಬೆಳ್ಳಗೆ, ಕಾಂಟ್ರಾಸ್ಟ್ (ರಕ್ತನಾಳಕ್ಕೆ ಚುಚ್ಚುವ, ಚಿತ್ರ ಬೆಳಗಿಸುವ ಔಷಧ) ಕೊಟ್ಟರೂ ಬದಲಾಗುವುದಿಲ್ಲ. ತಲೆ ತಿನ್ನುವುದು ರಕ್ತ ಅಥವಾ ಪ್ರೋಟೀನ್ ಸೇರಿದ ಸಿಸ್ಟ್. ಅದು ಕಾಂಟ್ರಾಸ್ಟ್‌ಗೆ ಮೊದಲೇ ಟಿ1ನಲ್ಲಿ ಬೆಳ್ಳಗಿರಬಹುದು. ಆ ಕಾಂಟ್ರಾಸ್ಟ್, ಅಂದರೆ ಗ್ಯಾಡೊಲಿನಿಯಂ, ಒಳಗೆ ಹೋದ ಮೇಲೆ ಇನ್ನಷ್ಟು ಬೆಳಗಿತೇ ಎಂದು ಬರಿಗಣ್ಣಿನಲ್ಲಿ ಹೇಳೋದು ಕಷ್ಟ. ಆದರೆ ಉತ್ತರ ಬೇಕಿರುವುದೇ ಅದಕ್ಕೆ. ಬೆಳಗಿದ ಜಾಗದಲ್ಲಿ ರಕ್ತ ಓಡಾಡುವ ಅಂಗಾಂಶ ಇದೆ ಎಂದರ್ಥ.

ಸಿಸ್ಟ್ ಕ್ಯಾನ್ಸರ್ ಆಗಿರುವ ಸಾಧ್ಯತೆಯನ್ನು ದರ್ಜೆಗಳಲ್ಲಿ ಹೇಳುವ ಬಾಸ್ನಿಯಾಕ್ ವರ್ಗೀಕರಣ 1986ರಲ್ಲಿ ಬಂದಾಗ ಸಿಟಿ ಸ್ಕ್ಯಾನ್ ಮೇಲೆ ನಿಂತಿತ್ತು. 2019ರ ಪರಿಷ್ಕರಣೆ ಎಂಆರ್‌ಐಯನ್ನೂ ಒಳಗೆ ತಂದಿತು. ಕಣ್ಣಿಗೆ ಸ್ಪಷ್ಟವಿಲ್ಲದಾಗ ಸಿಗ್ನಲ್ (ಚಿತ್ರದ ಬಿಳುಪಿನ ಅಂಕಿ) ಶೇ. 15 ಅಥವಾ ಹೆಚ್ಚು ಏರಿದರೆ ಎನ್‌ಹ್ಯಾನ್ಸ್‌ಮೆಂಟ್ ಇದೆ, ಅಂದರೆ ನಿಜವಾಗಿ ಬೆಳಗಿದೆ ಎನ್ನಬಹುದು. 400 ಇದ್ದದ್ದು 420 ಆದರೆ ಶೇ. 5, ಲೆಕ್ಕಕ್ಕಿಲ್ಲ. ಎಂಆರ್‌ಐ ಅಂಕಿಗೆ ತನ್ನದೇ ಆದ ಅಳತೆ ಇಲ್ಲ. ಹಾಗಾಗಿ ಮೊದಲಿನ ಮತ್ತು ನಂತರದ ಸ್ಕ್ಯಾನ್‌ಗಳ ಸೆಟ್ಟಿಂಗ್, ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ) ಸಮೇತ, ಒಂದೇ ಇರಬೇಕು. ನಡುವೆ ಗೇನ್ ಬದಲಾದರೆ ಈ ಶೇಕಡಾವಾರು ಲೆಕ್ಕ ಸುಮ್ನೆ ದಂಡ.

ಇನ್ನೊಂದು ದಾರಿ ಸಬ್‌ಟ್ರಾಕ್ಷನ್. ನಂತರದ ಚಿತ್ರದಿಂದ ಮೊದಲಿನದನ್ನು ಕಳೆದರೆ ಬೆಳಗಿದ್ದು ಮಾತ್ರ ಉಳಿಯಬೇಕು. ತೊಂದರೆ ಏನೆಂದರೆ ಎರಡು ಸಲ ಉಸಿರು ಹಿಡಿದಾಗ ಕಿಡ್ನಿ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ.

ಇದನ್ನು ಅಂಕಿಯಲ್ಲಿ ಬರೆದುಕೊಂಡರೇ ಅರ್ಥವಾಗುವುದು. ಕಿಡ್ನಿಯಿಂದ ಹೊರಗೆ ಉಬ್ಬಿದ ಸಿಸ್ಟ್, ಸಿಗ್ನಲ್ 500. ಸುತ್ತ ಕೊಬ್ಬು, ಕೊಬ್ಬನ್ನು ಕಪ್ಪಾಗಿಸುವ ಫ್ಯಾಟ್ ಸಪ್ರೆಷನ್ ಇರುವುದರಿಂದ 50. ಸಿಸ್ಟ್ ಸ್ವಲ್ಪವೂ ಬೆಳಗಿಲ್ಲ, ಒಂದು ಪಿಕ್ಸೆಲ್ ಸರಿದಿದೆ ಅಷ್ಟೇ:

ಮೊದಲು: 50, 50, 500, 500, 500, 50, 50
ನಂತರ: 50, 50, 50, 500, 500, 500, 50
ಕಳೆದಾಗ: 0, 0, −450, 0, 0, +450, 0

ಒಂದು ಅಂಚಿನಲ್ಲಿ ಬಿಳಿ ಕಮಾನು, ಎದುರಿನ ಅಂಚಿನಲ್ಲಿ ಕಪ್ಪು. ಕಾಂಟ್ರಾಸ್ಟ್ ಸಾಮಾನ್ಯವಾಗಿ ಸಿಗ್ನಲ್ ಏರಿಸುತ್ತದೆ, ಆದ್ದರಿಂದ ಆ −450 ಕಂಡರೆ ಸರಿದಿದೆ ಎಂದು ಹಿಡಿಯಬಹುದು. (ಮೂತ್ರ ಸೇರುವ ಜಾಗದಲ್ಲಿ ಗ್ಯಾಡೊಲಿನಿಯಂ ವಿಪರೀತ ಗಟ್ಟಿಯಾದಾಗ ಸಿಗ್ನಲ್ ಬೀಳುತ್ತದೆ, ಅದು ಬೇರೆ ಕಥೆ.)

ಆದರೆ ಕಪ್ಪು ಕಮಾನು ಕಾಣಿಸುವುದೇ ಇಲ್ಲವಲ್ಲ? ಕೆಲವು ಸಾಫ್ಟ್‌ವೇರ್‌ಗಳು ಸೊನ್ನೆಗಿಂತ ಕೆಳಗಿನದನ್ನೆಲ್ಲ ಸೊನ್ನೆ ಮಾಡಿಬಿಡುತ್ತವೆ. ಸುತ್ತಲೂ ಸೊನ್ನೆ, ಅಲ್ಲೂ ಸೊನ್ನೆ, ಎಲ್ಲ ಒಂದೇ ಕಪ್ಪು. ಬಿಳಿ ಕಮಾನು ಮಾತ್ರ ಉಳಿದು ಗೋಡೆ ಬೆಳಗಿದ ಹಾಗೆ ಕಾಣುತ್ತದೆ. ನನಗೆ ತುಂಬ ಇಷ್ಟವಾದ ಉಪಾಯ ಉಲ್ಟಾ ಕಳೆಯುವುದು: ಮೊದಲಿನದರಿಂದ ನಂತರದ್ದನ್ನು. ಎದುರಿನ ಅಂಚು ಬೆಳ್ಳಗಾದರೆ ಅದು ಚಲನೆ. ಲಿವರ್ ಅಂಚನ್ನೂ ನೋಡಿ, ಅಲ್ಲಿಯೂ ಇಂಥದ್ದೇ ಗೆರೆ ಇದ್ದರೆ ಅನುಮಾನವೇ ಬೇಡ.

ಇಷ್ಟು ತಿಳಿದ ಮೇಲೂ ಒಂದು ಹೆಜ್ಜೆ ಎಡವಿಸುತ್ತದೆ. 'ಸರಿದರೆ ಕಮಾನು, ನಿಜವಾದರೆ ಪೂರ್ತಿ ಉಂಗುರ' ಎಂದು ಬಾಯಿಪಾಠ ಮಾಡಿಕೊಳ್ಳಬೇಡಿ. ಉಸಿರಾಟಕ್ಕೆ ಕಿಡ್ನಿ ಸರಿಯುವುದು ಮುಖ್ಯವಾಗಿ ಮೇಲೆ ಕೆಳಗೆ. ಕೊರೋನಲ್ (ದೇಹವನ್ನು ಎದುರಿನಿಂದ ನೋಡಿದಂಥ) ಚಿತ್ರದಲ್ಲಿ ಆ ಚಲನೆ ಚಿತ್ರದೊಳಗೇ ಇರುತ್ತದೆ, ಕಮಾನು ಬರುತ್ತದೆ. ಆಕ್ಸಿಯಲ್‌ನಲ್ಲಿ, ಅಂದರೆ ದೇಹವನ್ನು ಅಡ್ಡಕ್ಕೆ ಕೊಯ್ದಂಥ ಚಿತ್ರದಲ್ಲಿ, ಅದು ಸ್ಲೈಸ್ (ಒಂದು ಕೊಯ್ತ) ದಾಟಿ ಹೋಗುವ ಚಲನೆ. ನಿಂಬೆಹಣ್ಣನ್ನು ಅಡ್ಡಕ್ಕೆ ಕೊಯ್ದಂತೆ ಯೋಚಿಸಿ: ತುದಿಯಲ್ಲಿ ಚಿಕ್ಕ ಬಿಲ್ಲೆ, ನಡುವಿನಲ್ಲಿ ದೊಡ್ಡ ಬಿಲ್ಲೆ. ಎರಡನೇ ಸಲ ಕಿಡ್ನಿ ಮೇಲೆ ಸರಿದಿದೆ ಅಂದುಕೊಳ್ಳಿ. ಸಿಸ್ಟ್‌ನ ನಡುಭಾಗಕ್ಕಿಂತ ಮೇಲಿರುವ ಸ್ಲೈಸ್‌ಗೆ ಈಗ ದೊಡ್ಡ ಬಿಲ್ಲೆ ಸಿಗುತ್ತದೆ. ದೊಡ್ಡದರಿಂದ ಚಿಕ್ಕದನ್ನು ಕಳೆದರೆ ಉಳಿಯುವುದು? ಸುತ್ತಲೂ ಪೂರ್ತಿ ಬಿಳಿ ಉಂಗುರ! ಕೆಳಗಿನ ಸ್ಲೈಸ್‌ನಲ್ಲಿ ತದ್ವಿರುದ್ಧ, ಕಪ್ಪು ಉಂಗುರ. ನಟ್ಟನಡುವೆ ಹೆಚ್ಚೂಕಡಿಮೆ ಏನೂ ಇಲ್ಲ. ನಿಜವಾಗಿ ಬೆಳಗಿದ ಗೋಡೆ ಹೀಗೆ ಸ್ಲೈಸ್‌ನಿಂದ ಸ್ಲೈಸ್‌ಗೆ ಬಣ್ಣ ಬದಲಿಸುವುದಿಲ್ಲ. ಆದ್ದರಿಂದ ಆಕ್ಸಿಯಲ್‌ನ ಒಂದೇ ಸ್ಲೈಸ್ ನೋಡಿ ತೀರ್ಮಾನ ಬೇಡ. ಮೇಲಿಂದ ಕೆಳಗಿನವರೆಗೆ ಓಡಿಸಿ ನೋಡಿ, ಕೊರೋನಲ್ ಇದ್ದರೆ ಅದನ್ನೂ ತೆರೆಯಿರಿ.

ತಡೆಯುವ ದಾರಿ ಮೆಷಿನ್‌ಗಿಂತ ಮಾತಿನಲ್ಲಿದೆ. ಉಸಿರು ಹೊರಬಿಟ್ಟು ಹಿಡಿದರೆ ಕಿಡ್ನಿ ಹೆಚ್ಚು ಕಡಿಮೆ ಅದೇ ಜಾಗಕ್ಕೆ ಮರಳುತ್ತದೆ. ಎಳೆದು ಹಿಡಿದರೆ ಒಂದೊಂದು ಸಲ ಒಂದೊಂದು ಮಟ್ಟ. 'ಉಸಿರು ತಗೊಳ್ಳಿ, ಬಿಡಿ, ಹಿಡ್ಕೊಳ್ಳಿ' ಎನ್ನುವಾಗ ಮೆಷಿನ್‌ನ ಸದ್ದಿನಲ್ಲಿ ನಡುವಿನ 'ಬಿಡಿ' ಕೇಳಿಸದಿದ್ದರೆ ಮುಗೀತು. ಒಳಗೆ ಕಳಿಸುವ ಮೊದಲೇ ಅಭ್ಯಾಸ ಮಾಡಿಸುವುದು ವಾಸಿ.

ಉಳಿದವು ಬೇಗ ಬೇಗ.

ಸುಳ್ಳು ಪೊರೆಗಳು. ಸಿಸ್ಟ್‌ನೊಳಗೆ ಅಡ್ಡ ಹಾಯುವ ತೆಳು ಪೊರೆ ಒಂದರಿಂದ ಮೂರಿದ್ದರೆ ಬಾಸ್ನಿಯಾಕ್ 2, ನಾಲ್ಕು ದಾಟಲೂ ಬೇಕಿಲ್ಲ, ನಾಲ್ಕಾದರೇ 2ಎಫ್ (ಮತ್ತೆ ಸ್ಕ್ಯಾನ್ ಮಾಡಿ ಗಮನಿಸಬೇಕಾದ ದರ್ಜೆ). ಹಾಗಾಗಿ ಇಲ್ಲದ ಒಂದು ಗೆರೆಯೂ ದುಬಾರಿ, ಅಲ್ವಾ? ದೊಡ್ಡ ಸಿಸ್ಟ್‌ನೊಳಗಿನ ನೀರು ಅಲುಗಾಡಿದರೆ ಒಂದೇ ಏಟಿಗೆ ಬೇಗ ತೆಗೆಯುವ ಸಿಂಗಲ್ ಶಾಟ್ ಟಿ2ನಲ್ಲಿ ಹೊಗೆಯಂಥ ಕಪ್ಪು ಎಳೆಗಳು ಬರುತ್ತವೆ. ಬೆಳ್ಳನೆಯ ಸಿಸ್ಟ್ ಅಂಚಿಗೆ ಸಮಾನಾಂತರವಾಗಿ ಸಣ್ಣ ಗೆರೆಗಳಿದ್ದರೆ ಅದು ಗಿಬ್ಸ್ ಎಂಬ ಸುಳ್ಳು ಗೆರೆ, ಮ್ಯಾಟ್ರಿಕ್ಸ್ (ಚಿತ್ರದ ಪಿಕ್ಸೆಲ್ ಸಂಖ್ಯೆ) ಹೆಚ್ಚಿಸಿದರೆ ಗೆರೆಗಳು ಅಂಚಿಗೆ ಒತ್ತಿಕೊಳ್ಳುತ್ತವೆ. ನಿಜವಾದ ಪೊರೆ ಬೇರೆ ಸೀಕ್ವೆನ್ಸ್‌ನಲ್ಲೂ (ಬೇರೆ ಬಗೆಯ ಸ್ಕ್ಯಾನ್‌ನಲ್ಲೂ) ಅದೇ ಜಾಗದಲ್ಲಿರುತ್ತದೆ.

ಕೆಮಿಕಲ್ ಶಿಫ್ಟ್. 1.5 ಟೆಸ್ಲಾ ಕಾಂತಬಲದ ಮೆಷಿನ್‌ನಲ್ಲಿ ಕೊಬ್ಬು ಮತ್ತು ನೀರಿನ ಸಿಗ್ನಲ್‌ಗಳ ಫ್ರೀಕ್ವೆನ್ಸಿ ಅಂತರ ಸುಮಾರು 220 ಹರ್ಟ್ಜ್. ಒಂದು ಪಿಕ್ಸೆಲ್‌ಗೆ 125 ಹರ್ಟ್ಜ್ ಬ್ಯಾಂಡ್‌ವಿಡ್ತ್ (ಫ್ರೀಕ್ವೆನ್ಸಿ ವ್ಯಾಪ್ತಿ) ಇಟ್ಟರೆ ಕೊಬ್ಬು 1.8 ಪಿಕ್ಸೆಲ್‌ನಷ್ಟು ಸರಿಯುತ್ತದೆ. ಸಿಸ್ಟ್‌ನ ಒಂದು ಬದಿಯ ಗೋಡೆ ದಪ್ಪ ಕಾಣುತ್ತದೆ. 3 ಟೆಸ್ಲಾದಲ್ಲಿ ಇದು ಇಮ್ಮಡಿ. ಬ್ಯಾಂಡ್‌ವಿಡ್ತ್ ಹೆಚ್ಚಿಸಿದರೆ ಕಡಿಮೆಯಾಗುತ್ತದೆ, ಆದರೆ ಚಿತ್ರದಲ್ಲಿ ಕಾಳು ಕಾಳು ಜಾಸ್ತಿ.

ಯಾವುದು ಯಾವ ದಿಕ್ಕು ಎಂಬ ಗೊಂದಲಕ್ಕೆ: ಮೆಷಿನ್ ಚಿತ್ರ ಕಟ್ಟುವುದು ಫ್ರೀಕ್ವೆನ್ಸಿ, ಫೇಸ್ ಎಂಬ ಎರಡು ದಿಕ್ಕುಗಳಲ್ಲಿ. ಈಗ ಹೇಳಿದ ಕೆಮಿಕಲ್ ಶಿಫ್ಟ್ ಫ್ರೀಕ್ವೆನ್ಸಿ ದಿಕ್ಕಿನಲ್ಲಿ, ಉಸಿರಾಟದ ಮತ್ತು ಮಹಾಪಧಮನಿಯ ಘೋಸ್ಟ್‌ಗಳು (ಚಲನೆಯಿಂದ ಬೀಳುವ ಸುಳ್ಳು ಪ್ರತಿಗಳು) ಫೇಸ್ ದಿಕ್ಕಿನಲ್ಲಿ. ಸಿಸ್ಟ್‌ನೊಳಗೆ ಗಂಟಿನಂಥದ್ದು ಕಂಡು ಅನುಮಾನ ಬಂದರೆ ಎರಡು ದಿಕ್ಕುಗಳನ್ನು ಅದಲುಬದಲು ಮಾಡಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಘೋಸ್ಟ್ ಆದರೆ ಜಾಗ ಬಿಟ್ಟು ಹೋಗುತ್ತದೆ, ಗಂಟು ಆದರೆ ಅಲ್ಲೇ ಕೂತಿರುತ್ತದೆ.