ನಿಂಟೆಂಡೊ ಸ್ವಿಚ್‌ನಲ್ಲಿ ಲಿನಕ್ಸ್: ಎಸ್‌ಡಿ ಕಾರ್ಡ್ ಕೊಳ್ಳುವ ಮುಂಚೆ ಚಿಪ್ ನೋಡಿ

ಗೇಮ್ ಕನ್ಸೋಲ್ ಕೂಡ ಕಂಪ್ಯೂಟರೇ. ಅದರಲ್ಲಿ ಲಿನಕ್ಸ್ ಓಡಿಸಲು ಅಡ್ಡಿಯಾಗುವುದು ತಯಾರಕರ ಸಹಿ ಇಲ್ಲದ ಕೋಡ್ ಬೂಟ್ ಆಗದಂತೆ ಹಾಕಿರುವ ಬೀಗ. ಪ್ಲೇಸ್ಟೇಷನ್ 3ಕ್ಕೆ ಸೋನಿಯೇ 2006ರಲ್ಲಿ ಬೇರೆ ಓಎಸ್ ಹಾಕಲು ಬಿಡುವ ‘ಅದರ್ ಓಎಸ್’ ಸೌಲಭ್ಯ ಕೊಟ್ಟಿತ್ತು. 2010ರ ಏಪ್ರಿಲ್ 1ರಂದು ಬಂದ 3.21 ಫರ್ಮ್‌ವೇರ್ ಅದನ್ನು ಕಿತ್ತುಹಾಕಿತು. ದುಡ್ಡು ಕೊಟ್ಟು ಕೊಂಡವರಿಗೆ ಅದು ಅನ್ಯಾಯವೇ. ಈಗ ಉಳಿದಿರುವುದು ಬೀಗದ ದೋಷಗಳ ದಾರಿ. ಅವುಗಳಲ್ಲಿ ನಿಂಟೆಂಡೊ ಸ್ವಿಚ್‌ನದ್ದು ಬಹಳ ಸಲೀಸು.

ಸ್ವಿಚ್‌ನ ಟೆಗ್ರಾ ಎಕ್ಸ್1 ಚಿಪ್‌ಗೆ ಆರ್‌ಸಿಎಂ ಎಂಬ ರಿಕವರಿ ಮೋಡ್ ಇದೆ. ಅಲ್ಲಿ ಯುಎಸ್‌ಬಿಯಿಂದ ಬಂದ ಕೋರಿಕೆಯಲ್ಲಿ ಎಷ್ಟು ಉದ್ದ ನಮೂದಾಗಿದ್ದರೂ ಬೂಟ್‌ರೋಮ್ (ಚಿಪ್ ಆನ್ ಆದಾಗ ಮೊದಲು ಓಡುವ ಕೋಡ್) ಮಿತಿ ನೋಡದೆ ಅಷ್ಟನ್ನೂ ನಕಲಿಸುತ್ತದೆ. ಹಾಗೆ ತುಂಬಿ ಹರಿದು ಸ್ಟ್ಯಾಕ್ ಎಂಬ ಮೆಮೊರಿ ಭಾಗದ ಮೇಲೆ ನಮ್ಮ ಕೋಡ್ ಕೂರುತ್ತದೆ. 2018ರ ಏಪ್ರಿಲ್‌ನಲ್ಲಿ ಬಯಲಾದ ಈ ದೋಷ ಚಿಪ್‌ನಲ್ಲೇ ಅಚ್ಚಾಗಿದೆ, ಅಪ್‌ಡೇಟ್‌ನಿಂದ ಹೋಗದು. ಆದರೆ 2018ರ ನಡುವಿನಿಂದ ತಿದ್ದಿದ ಚಿಪ್‌ಗಳು ಬಂದವು. ಲೈಟ್, ಓಲೆಡ್ ಮಾದರಿಗಳಿಗಂತೂ ಬೀಗ ಮುರಿಯುವ ಮಾಡ್‌ಚಿಪ್ ಬೆಸುಗೆ ಹಾಕಲೇಬೇಕು. ಆದ್ದರಿಂದ ನಿಮ್ಮದು ಹಳೆಯ ಚಿಪ್ಪೇ ಎಂದು ಮೊದಲು ಸೀರಿಯಲ್ ಸಂಖ್ಯೆಯಿಂದ ನೋಡಿ.

ಸ್ವಿಚ್ ಪೂರ್ತಿ ಆಫ್ ಮಾಡಿ, ಬಲಗಡೆಯ ಜಾಯ್‌ಕಾನ್ ನಿಯಂತ್ರಕ ತೆಗೆದು, ಆ ಹಳಿಯ 10ನೇ ಪಿನ್ನನ್ನು ಗ್ರೌಂಡ್‌ಗೆ ಸೇರಿಸುವ ಜಿಗ್ ಎಂಬ ಪುಟ್ಟ ಸಾಧನ ತೂರಿಸಿ. ವಾಲ್ಯೂಮ್ ಅಪ್ ಹಿಡಿದುಕೊಂಡೇ ಪವರ್ ಒತ್ತಿ. ಜಿಗ್ ಬದಲು ತಂತಿ, ಫಾಯಿಲ್ ತುರುಕಬೇಡಿ; ಅದೇ ಸಾಲಿನಲ್ಲಿ 5 ವೋಲ್ಟ್ ಪಿನ್ ಇದೆ, ತಪ್ಪಿ ತಗುಲಿದರೆ ಬೋರ್ಡ್ ಸುಡಬಹುದು. ಲೋಗೊ ಬಂದರೆ ಜಿಗ್ ಸರಿಯಾಗಿ ಕೂತಿಲ್ಲ ಎಂದರ್ಥ. ಆರ್‌ಸಿಎಂನಲ್ಲಿ ಪರದೆ ಕಪ್ಪಾಗಿಯೇ ಇರುತ್ತದೆ. ಅನೇಕರು ಇಲ್ಲೇ ಕೆಟ್ಟಿತು ಎಂದು ಗಾಬರಿಯಾಗುತ್ತಾರೆ. ಲಿನಕ್ಸ್ ಕಂಪ್ಯೂಟರಿಗೆ ಕೇಬಲ್ ಹಾಕಿ ಯುಎಸ್‌ಬಿ ಪಟ್ಟಿ ನೋಡಿ: 0955:7321 ಕಂಡರೆ ಕೆಲಸ ಆಯಿತು. ಇನ್ನು ಕಂಪ್ಯೂಟರಿನಿಂದ ಪೇಲೋಡ್, ಅಂದರೆ ಸ್ವಿಚ್‌ನಲ್ಲಿ ಓಡಿಸುವ ಕೋಡ್ ಕಳಿಸಬೇಕು; ಅದು ಹೋಗದಿದ್ದರೆ ಯುಎಸ್‌ಬಿ 3 ಪೋರ್ಟ್ ಬಳಸಿ. ಹೊರಬರಲು ಪವರ್ ಗುಂಡಿಯನ್ನು 12 ಸೆಕೆಂಡ್ ಒತ್ತಿ ಹಿಡಿಯಿರಿ. ಕಪ್ಪು ಪರದೆಯಲ್ಲೇ ಬಿಟ್ಟರೆ ಬ್ಯಾಟರಿ ಬರಿದಾಗುತ್ತದೆ.

ಕಳಿಸಬೇಕಾದ ಪೇಲೋಡ್ ಎಂದರೆ ಓಎಸ್ ಎಬ್ಬಿಸುವ ಹೆಕಾಟೆ ಎಂಬ ಬೂಟ್‌ಲೋಡರ್. ಅದು ತೆರೆದ ಕೂಡಲೇ ಒಳಗಿನ ಸಂಗ್ರಹ ಚಿಪ್ ಇಎಂಎಂಸಿಯನ್ನು ಪೂರ್ತಿ ಬ್ಯಾಕಪ್ ಮಾಡಿ, ಬೇರೆ ಡಿಸ್ಕ್‌ಗೆ ಸಾಗಿಸಿ. ಲಿನಕ್ಸ್ ಎಸ್‌ಡಿ ಕಾರ್ಡ್‌ನಲ್ಲೇ ಇರುವುದರಿಂದ ಇದು ಬೇಡ ಅನ್ನಿಸಬಹುದು, ಆದರೂ ಬಿಡಬೇಡಿ. ಆಮೇಲೆ ಹೆಕಾಟೆಯಲ್ಲೇ ಕಾರ್ಡ್ ಪಾರ್ಟಿಷನ್ ಮಾಡಿ, ಲಿನಕ್ಸ್‌ಗೆ ಜಾಗ ಕೊಡಿ, ಕಾರ್ಡ್‌ನಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಕಾರ್ಡ್ 64 ಜಿಬಿಯಾದರೂ ಇರಲಿ, ಅಸಲಿ ಇರಲಿ. ಅರ್ಧದಲ್ಲಿ ನಿಲ್ಲುವ ಇನ್‌ಸ್ಟಾಲ್‌ಗಳಲ್ಲಿ ನಾನು ಮೊದಲು ಸಂಶಯಪಡುವುದು ನಕಲಿ ಕಾರ್ಡನ್ನು. ಕಾರ್ಡನ್ನು ಕಂಪ್ಯೂಟರಿಗೆ ಯುಎಸ್‌ಬಿ ಡ್ರೈವ್‌ನಂತೆ ತೋರಿಸುವ ಯುಎಂಎಸ್ ಮೂಲಕ ಸ್ವಿಚ್‌ರೂಟ್ ತಂಡದ ಎಲ್‌4ಟಿ ಉಬುಂಟು (ಸ್ವಿಚ್‌ಗೆ ಹೊಂದಿಸಿದ ಲಿನಕ್ಸ್) ಕಡತಗಳನ್ನು ಫ್ಯಾಟ್32 ಭಾಗಕ್ಕೆ ಬಿಚ್ಚಿ, ‘ಫ್ಲ್ಯಾಶ್ ಲಿನಕ್ಸ್’ ಒತ್ತಿ. ಇಮೇಜ್ ತುಂಡು ತುಂಡಾಗಿರುವುದು ಸಹಜ: ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮುಟ್ಟುವಂತಿಲ್ಲ. ಜಾಯ್‌ಕಾನ್‌ಗಳನ್ನು ಮೂಲ ಸಿಸ್ಟಂನಲ್ಲಿ ಜೋಡಿಸಿ, ಹೆಕಾಟೆಯಲ್ಲಿ ‘ಡಂಪ್ ಜಾಯ್‌ಕಾನ್ ಬಿಟಿ’ ಮಾಡಿದರೆ ಲಿನಕ್ಸ್‌ನಲ್ಲೂ ತಾವೇ ಕೂಡಿಕೊಳ್ಳುತ್ತವೆ.

ರ‍್ಯಾಮ್ 4 ಜಿಬಿ ಮಾತ್ರ. ಪೂರ್ತಿ ಆಫ್ ಆದ ಪ್ರತಿ ಸಲ ಪೇಲೋಡ್ ಮತ್ತೆ ಕಳಿಸಬೇಕು. ಮಾಮೂಲಿ ಪ್ಯಾಕೇಜ್ ಅಪ್‌ಡೇಟ್‌ಗೆ ತೊಂದರೆಯಿಲ್ಲ. ಉಬುಂಟು ಆವೃತ್ತಿಯನ್ನೇ ಬದಲಿಸುವ ಅಪ್‌ಗ್ರೇಡ್ ಮಾತ್ರ ಒತ್ತಬೇಡಿ. ಎನ್ವಿಡಿಯಾದ ಗ್ರಾಫಿಕ್ಸ್ ಡ್ರೈವರ್ ಹಳೆಯ 4.9 ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಅಂಟಿಕೊಂಡಿದೆ, ಅದರ ಮೇಲಿನ ಉಬುಂಟು ಬದಲಾದರೆ ಡೆಸ್ಕ್‌ಟಾಪ್ ಏಳುವುದಿಲ್ಲ. ಹೊಸ ಆವೃತ್ತಿ ಬೇಕಿದ್ದರೆ ಸ್ವಿಚ್‌ರೂಟ್‌ನ ಹೊಸ ಇಮೇಜನ್ನೇ ಫ್ಲ್ಯಾಶ್ ಮಾಡಿ.