ಶನಿವಾರದ ಸೈನಿಕನೂ ಬೆವರಿನ ಲೆಕ್ಕವೂ

2013ರ ಜುಲೈ 13ರಂದು ವೇಲ್ಸ್‌ನ ಬ್ರೆಕನ್ ಬೀಕನ್ಸ್ ಬೆಟ್ಟಗಳಲ್ಲಿ ತಾಪಮಾನ 27 ಡಿಗ್ರಿಯ ಆಸುಪಾಸಿನಲ್ಲಿತ್ತು. ಬೆಂಗಳೂರಿನಲ್ಲಾದರೆ ಫ್ಯಾನ್ ಹಾಕಬೇಕೋ ಬೇಡವೋ ಎಂದು ಯೋಚಿಸುವಷ್ಟು ಸೆಕೆ. ಅಂದು ಬ್ರಿಟನ್ನಿನ ವಿಶೇಷ ಪಡೆ ಎಸ್‌ಎಎಸ್‌ನ ಮೀಸಲು ವಿಭಾಗದ (ಬೇರೆ ಕೆಲಸದಲ್ಲಿದ್ದು ಬಿಡುವಿನಲ್ಲಿ ಸೈನಿಕರಾಗುವವರ) ಆಯ್ಕೆಗಾಗಿ ಸುಮಾರು 22 ಕಿಲೋ ಚೀಲ ಹೊತ್ತು 26 ಕಿಲೋಮೀಟರ್ ನಡೆಯಲು ಹೊರಟವರಲ್ಲಿ ಮೂವರು ಮೈ ಕಾದು ಕುಸಿದರು. ಮೂವರೂ ಬದುಕುಳಿಯಲಿಲ್ಲ.

ಇಂಥ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ: ಗುಂಡಿಗೆ ಸಾಲಲಿಲ್ಲ, ನೀರು ಕುಡಿಯಲಿಲ್ಲ. ಎರಡೂ ಅರ್ಥವಿಲ್ಲದ ಮಾತು. ಶ್ರಮದಿಂದ ಬರುವ ಉಷ್ಣಾಘಾತಕ್ಕೆ ಹೆಚ್ಚಾಗಿ ಸಿಗುವವರು ಗುಂಡಿಗೆ ಗಟ್ಟಿಯಿರುವವರೇ. ಉಳಿದವರು ಅಷ್ಟರೊಳಗೆ ಕೂತುಬಿಟ್ಟಿರುತ್ತಾರೆ. ದೇಹದ ನೀರು ಅಷ್ಟೇನೂ ಕಡಿಮೆಯಾಗದಿದ್ದರೂ ಮೊದಲ ಒಂದೆರಡು ಗಂಟೆಯಲ್ಲೇ ಉಷ್ಣಾಘಾತ ಆಗಬಹುದು. ಹೆದರಿ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿದು ಬೇರೆಯದೇ ಸಾವು ಕಾದಿರುತ್ತದೆ. ಅಮೆರಿಕದ ಸೇನೆ ಗಂಟೆಗೆ ಸುಮಾರು 1.4 ಲೀಟರ್ ಮೀರಬಾರದೆಂದು ಮಿತಿ ಹಾಕಿರುವುದು ಅದಕ್ಕೇ.

ಬೆಂಕಿ ಇರುವುದು ಸೂರ್ಯನಲ್ಲಲ್ಲ, ಸ್ನಾಯುಗಳಲ್ಲಿ. ಭಾರ ಹೊತ್ತು ನಡೆಯುವವರ ಶಕ್ತಿವ್ಯಯ ಅಂದಾಜಿಸಲು 1977ರಲ್ಲಿ ಪ್ರಕಟವಾದ ಪ್ಯಾಂಡಾಲ್ಫ್ ಸಮೀಕರಣ ಇಂದಿಗೂ ಬಳಕೆಯಲ್ಲಿದೆ. 75 ಕಿಲೋ ತೂಕದ ಮನುಷ್ಯ, 22 ಕಿಲೋ ಚೀಲ, ಹುಲ್ಲುನೆಲ, ಸೆಕೆಂಡಿಗೆ ಒಂದು ಮೀಟರ್ ವೇಗ ಎಂದಿಟ್ಟುಕೊಳ್ಳಿ. ಸಮತಟ್ಟಿನಲ್ಲಿ ಸುಮಾರು 300 ವ್ಯಾಟ್ ಸಾಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಾದರೆ ಅದೇ ವೇಗಕ್ಕೆ 710 ವ್ಯಾಟ್ ಬೇಕು. ಅದರಲ್ಲಿ ಮೈಯನ್ನೂ ಚೀಲವನ್ನೂ ಮೇಲೆತ್ತಲು ಹೋಗುವುದು 95 ವ್ಯಾಟ್ ಮಾತ್ರ, ಮಿಕ್ಕ 615 ವ್ಯಾಟ್ ಬರೀ ಶಾಖ. ಆ ದೇಹದ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 260 ಕಿಲೋಜೂಲ್ ಸಾಕಾದ್ದರಿಂದ, ಶಾಖ ಹೊರಹೋಗಲು ದಾರಿಯೇ ಇಲ್ಲದಿದ್ದರೆ ಏಳು ನಿಮಿಷಕ್ಕೊಂದು ಡಿಗ್ರಿ ಏರುತ್ತದೆ. ಮುಕ್ಕಾಲು ಪಾಲು ಹೊರಹೋಗಿ ಕಾಲು ಪಾಲು ಉಳಿದರೂ ಅರ್ಧ ಗಂಟೆಗೊಂದು ಡಿಗ್ರಿ. 37ರಿಂದ ಹೊರಟವನು ಒಂದೂವರೆ ಗಂಟೆಯಲ್ಲಿ 40 ಮುಟ್ಟುತ್ತಾನೆ.

ಹೊರದಾರಿ ಎಂದರೆ ಮುಖ್ಯವಾಗಿ ಬೆವರು. ಒಂದು ಲೀಟರ್ ಬೆವರು ಆರಿದರೆ ಸುಮಾರು 2,400 ಕಿಲೋಜೂಲ್ ಹೊತ್ತೊಯ್ಯುತ್ತದೆ. ಮೇಲಿನ ಏರಿಗೆ ಗಂಟೆಗೆ 0.9 ಲೀಟರ್ ಪೂರ್ತಿ ಆರಬೇಕು. ಆರಬೇಕು, ತೊಟ್ಟಿಕ್ಕಿದರೆ ಲೆಕ್ಕಕ್ಕಿಲ್ಲ. ಚೀಲ ಒತ್ತಿಕೊಂಡಿರುವ ಬೆನ್ನಿನ ಬೆವರಂತೂ ಬಹುಪಾಲು ವ್ಯರ್ಥ. ಬರೀ ಥರ್ಮಾಮೀಟರ್ ನೋಡಿ ನಡಿಗೆ ಶುರುಮಾಡಬಾರದು ಎನ್ನುವುದೂ ಇದಕ್ಕೇ. 1950ರ ದಶಕದಲ್ಲಿ ಅಮೆರಿಕದ ಪ್ಯಾರಿಸ್ ಐಲೆಂಡ್‌ನಲ್ಲಿ ತರಬೇತಿಗೆ ಬಂದ ಮರೀನ್‌ಗಳು ಬಿಸಿಲಿಗೆ ಸಾಲುಸಾಲಾಗಿ ಬಿದ್ದಾಗ ರೂಢಿಗೆ ಬಂದ, ಸೆಕೆ, ತೇವ, ಬಿಸಿಲು ಮೂರನ್ನೂ ಕೂಡಿಸುವ ಅಳತೆ ಡಬ್ಲ್ಯೂಬಿಜಿಟಿ: ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ (ಒದ್ದೆ ಬಲ್ಬ್) 70 ಪಾಲು, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಥರ್ಮಾಮೀಟರಿನ 20 ಪಾಲು, ಒಣ ಗಾಳಿಯ 10 ಪಾಲು. ಕಲಬುರಗಿಯ 40 ಡಿಗ್ರಿ ಒಣಬಿಸಿಲಲ್ಲಿ ಒದ್ದೆ ಬಲ್ಬ್ ಸುಮಾರು 23 ತೋರಿಸಿದರೆ, ಮಂಗಳೂರಿನ 33 ಡಿಗ್ರಿಯಲ್ಲಿ ತೇವಾಂಶ ಶೇ. 70 ಇದ್ದರೆ 28 ತೋರಿಸುತ್ತದೆ. ಚೀಲ ಹೊತ್ತವನಿಗೆ ಮಂಗಳೂರೇ ಹೆಚ್ಚು ಕಷ್ಟ.

ಮೀಸಲು ಸೈನಿಕರೆಂದರೆ ಎರಡನೇ ದರ್ಜೆಯವರೆಂಬ ತಾತ್ಸಾರ ಬೇಡ. ಯುದ್ಧಕಾಲದ ಎಸ್‌ಎಎಸ್ 1945ರಲ್ಲಿ ವಿಸರ್ಜನೆಯಾದ ಮೇಲೆ ಮೊದಲು ಮರುಹುಟ್ಟು ಪಡೆದದ್ದು 1947ರ ಮೀಸಲು ರೆಜಿಮೆಂಟ್ 21 ಎಸ್‌ಎಎಸ್; ಖಾಯಂ ಪಡೆಯಾದ 22 ಬಂದದ್ದು ಆಮೇಲೆ. ಅಮೆರಿಕದಲ್ಲಿ ಮೀಸಲು ಪಡೆಯಾದ ನ್ಯಾಷನಲ್ ಗಾರ್ಡ್‌ನ 19 ಮತ್ತು 20ನೇ ಸ್ಪೆಷಲ್ ಫೋರ್ಸಸ್ ಗ್ರೂಪ್‌ಗಳವರೂ ಖಾಯಂ ಸೈನಿಕರು ಪಾಸಾಗುವ ಕೋರ್ಸನ್ನೇ ಪಾಸಾಗಬೇಕು. ವ್ಯತ್ಯಾಸ ಇರುವುದು ಕ್ಯಾಲೆಂಡರಿನಲ್ಲಿ.

ದೇಹ ಸೆಕೆಗೆ ಪಳಗಲು ಒಂದರಿಂದ ಎರಡು ವಾರ ಬೇಕು, ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಮೈ ಕಾಯುವಷ್ಟು ಕೆಲಸದೊಂದಿಗೆ. ಮೊದಲ ಐದಾರು ದಿನಗಳಲ್ಲಿ ರಕ್ತದ ಪ್ಲಾಸ್ಮಾ ಹಿಗ್ಗಿ ಎದೆಬಡಿತ ಇಳಿಯುತ್ತದೆ. ನಂತರ ಬೆವರು ಬೇಗ ಶುರುವಾಗುತ್ತದೆ, ಹೆಚ್ಚು ಬರುತ್ತದೆ, ಅದರ ಉಪ್ಪು ಕಡಿಮೆಯಾಗುತ್ತದೆ. ಸೆಕೆ ತಪ್ಪಿದರೆ ಗಳಿಸಿದ್ದು ದಿನಕ್ಕೆ ಸುಮಾರು ಶೇ. 2.5ರಂತೆ ಕರಗುತ್ತದೆ. ಬ್ಯಾರಕ್ಕಿನವನಿಗೆ ಇದು ತಾನಾಗಿ ಆಗುವ ಕೆಲಸ. ಸೋಮವಾರದಿಂದ ಶುಕ್ರವಾರದವರೆಗೆ ಎಸಿ ಕಚೇರಿಯಲ್ಲಿದ್ದು ವಾರಾಂತ್ಯಕ್ಕೆ ಬೆಟ್ಟಕ್ಕೆ ಬರುವವನ ಕಾಲು ಗಟ್ಟಿಯಾಗುತ್ತದೆ, ಶ್ವಾಸ ಗಟ್ಟಿಯಾಗುತ್ತದೆ, ಬೆವರಿನ ಗ್ರಂಥಿ ಮಾತ್ರ ಕಚೇರಿಯದ್ದೇ. ಕಾಲು ಸಾಗುವುದರಿಂದಲೇ ಅಪಾಯ.

ನಿಯೋಜನೆಯಲ್ಲಿ ಈ ತೊಡಕು ಕಡಿಮೆ. ಕರೆ ಬಂದ ಮೇಲೆ ಪೂರ್ವತರಬೇತಿ ಇರುತ್ತದೆ, ಬಿಸಿನಾಡಿಗೆ ಇಳಿದ ಮೇಲೆ ಪಳಗಲು ದಿನ ಕೊಡುತ್ತಾರೆ. ನಮ್ಮ ಮೀಸಲು ಪಡೆಯಾದ ಪ್ರಾದೇಶಿಕ ಸೇನೆಯ (ಟಿಎ) ಪದಾತಿ ಘಟಕಗಳಿಗೂ ವಾರ್ಷಿಕ ಶಿಬಿರ ಎರಡು ತಿಂಗಳು ಒಂದೇ ಸಮನೆ ನಡೆಯುತ್ತದೆ. (ಧೋನಿಯಿಂದ ಹೆಸರಾದ ಬೆಂಗಳೂರಿನ 106 ಪ್ಯಾರಾ ಟಿಎ ಬೆಟಾಲಿಯನ್ ವಿಶೇಷ ಪಡೆ ಅಲ್ಲ, ವಾಟ್ಸ್‌ಆ್ಯಪ್ ಏನೇ ಹೇಳಲಿ.) ಆಯ್ಕೆಯ ನಡಿಗೆಗೆ ಅಂಥ ಅವಧಿ ಸಿಗದು. ಅಗ್ಗದ ಉಪಾಯ ಒಂದಿದೆ: ವೇಲ್ಸ್‌ನದೇ ಬ್ಯಾಂಗರ್ ವಿಶ್ವವಿದ್ಯಾಲಯದ ಸಂಶೋಧಕರು ಆರು ದಿನ ವ್ಯಾಯಾಮದ ಬೆನ್ನಿಗೇ 40 ಡಿಗ್ರಿ ನೀರಿನಲ್ಲಿ 40 ನಿಮಿಷದವರೆಗೆ ಕುತ್ತಿಗೆ ಮಟ್ಟ ಕೂರಿಸಿ, ಪಳಗುವಿಕೆಯ ಲಕ್ಷಣಗಳು ಮೂಡುವುದನ್ನು ತೋರಿಸಿದ್ದಾರೆ. ಒಬ್ಬರೇ ಇರುವಾಗ ಮಾಡಬಾರದು. ಎದ್ದಾಗ ತಲೆ ಸುತ್ತುತ್ತದೆ.

ಆಯ್ಕೆಯ ವಿನ್ಯಾಸದಲ್ಲೇ ಇನ್ನೊಂದು ತೊಂದರೆಯಿದೆ. ಅಭ್ಯರ್ಥಿ ಒಂಟಿಯಾಗಿ ನಡೆಯುತ್ತಾನೆ. ಉಷ್ಣಾಘಾತದ ಮೊದಲ ಸೂಚನೆ ತೊದಲು, ಸಿಡುಕು, ದಾರಿ ತಪ್ಪುವುದು; ಕೆಟ್ಟಿರುವ ಮೆದುಳು ತಾನು ಕೆಟ್ಟಿರುವುದನ್ನು ತಿಳಿಯದು, ಪಕ್ಕದಲ್ಲಿ ಹೇಳುವವರೂ ಇಲ್ಲ. ಹಾಗಾಗಿ ನಿಲ್ಲಿಸುವ ತೀರ್ಮಾನ ಅಭ್ಯರ್ಥಿಯದಾಗಬಾರದು. ಬ್ರೆಕನ್ ಬೀಕನ್ಸ್‌ನ ಆ ಮೂವರ ಸಾವಿನ ಬಗ್ಗೆ 2015ರಲ್ಲಿ ನಡೆದ ನ್ಯಾಯ ವಿಚಾರಣೆಯಲ್ಲಿ ಹೊರಬಿದ್ದದ್ದು ಇದೇ: ನಡಿಗೆ ನಡೆಸಿದವರಿಗೆ ಸೇನೆಯದೇ ಉಷ್ಣ ಮಾರ್ಗಸೂಚಿ ತಿಳಿದಿರಲಿಲ್ಲ, ಮೊದಲ ಇಬ್ಬರು ಸೆಕೆಯಿಂದ ಹೊರಬಿದ್ದಾಗಲೇ ಎಲ್ಲರನ್ನೂ ತಡೆಯಬೇಕಿತ್ತು.

ಬಿದ್ದವನಿಗೆ ಆಂಬುಲೆನ್ಸಿಗಿಂತ ಮೊದಲು ತಣ್ಣೀರು. ಕಂಕುಳು, ಹಣೆ, ಕಿವಿಯ ಅಳತೆ ಸುಳ್ಳು ಹೇಳುತ್ತದೆ. ಗುದದ್ವಾರದ ಥರ್ಮಾಮೀಟರ್ 40 ದಾಟಿ, ಮಾತು ತಪ್ಪುತ್ತಿದ್ದರೆ ಕುತ್ತಿಗೆವರೆಗೆ ಐಸ್ ನೀರಿನಲ್ಲಿ ಮುಳುಗಿಸಬೇಕು. ನಿಮಿಷಕ್ಕೆ ಸುಮಾರು 0.2 ಡಿಗ್ರಿ ಇಳಿಯುತ್ತದೆ. ತೊಟ್ಟಿ ಇಲ್ಲದ ಬೆಟ್ಟದಲ್ಲಿ ಟಾರ್ಪಾಲಿನ ಅಂಚುಗಳನ್ನು ನಾಲ್ಕಾರು ಜನ ಎತ್ತಿ ಹಿಡಿದು ನೀರು, ಐಸ್ ಸುರಿದು ಆಚೀಚೆ ಅಲುಗಿಸಿದರೂ ನಡೆಯುತ್ತದೆ. ಅರ್ಧ ಗಂಟೆಯೊಳಗೆ 39ರ ಕೆಳಗೆ ತಂದು, ಹೊರಗೆತ್ತಿ, ಆಮೇಲೆ ಆಸ್ಪತ್ರೆಗೆ.